ಮತ್ರಾದಲ್ಲಿ ಹಡಗು ನಿಂತ ದಿನ

ಅಲ್ ಖುವೈರ್, ಮಸ್ಕತ್
೨ ಅಕ್ಟೋಬರ್ ೧೯೯೨

ಪ್ರೀತಿಯ ಮಗ ಬಾಸಿಲ್‌ಗೆ ನಿನ್ನ ಪಪ್ಪಾ ವಾಲ್ಟರ್‌ನ ಆಶೀರ್ವಾದ.

ಅಕ್ಷರ ನೋಡಿ ಗಾಬರಿಯಾಗಬೇಡ. ನಾನು ಹೇಳಿದ್ದನ್ನು ಇಸುಬು ಬ್ಯಾರಿ ಬರೆಯುತ್ತಿದ್ದಾರೆ. ಉಳ್ಳಾಲದವರು, ನನ್ನ ರೂಮಿನ ಕೆಳಗೆ ಟೈಲರ್ ಅಂಗಡಿ ಇಟ್ಟಿದ್ದಾರೆ. ನನ್ನ ಕಣ್ಣಿಗೆ ಈಗ ಸಣ್ಣ ಅಕ್ಷರ ಹತ್ತುವುದಿಲ್ಲ. ನೀನೂ ಇನ್ನು ಕೊಂಕಣಿಯಲ್ಲಿ ಬರೆಯಬೇಡ, ಬ್ಯಾರಿಗೆ ಓದಿ ಹೇಳಲು ಆಗುವುದಿಲ್ಲ. ಕನ್ನಡದಲ್ಲೇ ಬರೆ.

ಇವತ್ತು ಶುಕ್ರವಾರ, ಚರ್ಚಿನಲ್ಲಿ ಪೂಜೆ ಮುಗಿಸಿ ಬಂದೆ. ಇಲ್ಲಿ ನಮಗೆ ಶುಕ್ರವಾರವೇ ಭಾನುವಾರ, ನಿನಗೆ ಗೊತ್ತಲ್ಲ. ಗೊತ್ತಿಲ್ಲವೇನೋ, ನೀನು ಬಂದವನಲ್ಲ. ಅಂದು ನಮ್ಮ ಅರಬಿ ಧಣಿ ಕಫೀಲನ ಕಾಲು ಹಿಡಿದು ನಿನಗೆ ವೀಸಾ ಮಾಡಿಸಿದ್ದೆ. "ನಿಮ್ಮ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿಕೊಂಡು ಕೂರಲಾರೆ" ಎಂದು ಬರೆದು ನೀನು ಕೆಲಸಕ್ಕೆ ಹಡಗು ಹತ್ತಿದೆ. ಸಿಟ್ಟಿನಲ್ಲಿ ನಾನೂ ಎರಡು ವರ್ಷ ಕಾಗದ ಹಾಕಲಿಲ್ಲ. ಅದೆಲ್ಲ ಆಗಿಹೋಯಿತು. ನನಗೆ ರಜೆ ಸಿಕ್ಕಿದಾಗ ನೀನು ಸಮುದ್ರದಲ್ಲಿ, ನಿನಗೆ ಸಿಕ್ಕಿದಾಗ ನಾನು ಮಸ್ಕತ್ತಿನಲ್ಲಿ. ನಿನ್ನ ಮುಖ ನೋಡಿ ಆರು ವರ್ಷವಾಯಿತು. ನಿನ್ನ ಅಕ್ಕ ಕ್ಲೆಮೆಂಟಿನಾ ಶಿರ್ವದಿಂದ ನಿನ್ನದೊಂದು ಫೋಟೋ ಕಳಿಸಿದ್ದಾಳೆ. ಯೂನಿಫಾರ್ಮ್ ಕಾಣುತ್ತದೆ, ಮುಖ ಸರಿಯಾಗಿ ಕಾಣುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಪಪ್ಪಾ,
ವಾಲ್ಟರ್

ಇದು ಇಸುಬು ಬರೆಯುವುದು: ನಿನ್ನ ಪಪ್ಪಾ ಹೇಳಿದ್ದರಲ್ಲಿ ಅರ್ಧ ಬೈಗುಳ, ಅದನ್ನು ಬಿಟ್ಟಿದ್ದೇನೆ. ದೊಡ್ಡ ಕಾಗದ ಬರೆ ಮಾರಾಯ. ಓದುವವನು ನಾನು, ನನಗೂ ಸ್ವಲ್ಪ ಊರು ನೋಡಿದ ಹಾಗೆ ಆಗಲಿ.

✦

ಸೇಂಟ್ ಜಾರ್ಜ್ ಬಂದರು, ಗ್ರೆನಡಾ
೧೪ ಡಿಸೆಂಬರ್ ೧೯೯೨

ಪ್ರೀತಿಯ ಪಪ್ಪಾ,

ಇಸುಬಾಕ ದೊಡ್ಡ ಕಾಗದ ಕೇಳಿದ್ದಾರೆ. ಇವತ್ತು ಬರೆಯಲು ಬೇಕಾದಷ್ಟು ಉಂಟು. ಬೆಳಗಿನ ತಿಂಡಿಯ ಸರ್ವಿಸ್ ಮುಗಿದ ಮೇಲೆ ಸಂಜೆಯವರೆಗೆ ನನಗೆ ಬಿಡುವು ಸಿಕ್ಕಿತು. ನನ್ನ ಜೊತೆ ಕ್ಲಿಫ್ಟನ್ ಇದ್ದ. ಹಡಗಿನ ಕಂಬಿಗಳಿಗೆಲ್ಲ ಬಣ್ಣ ಹೊಡೆಯುವ ಕೆಲಸದವನು, ಇದೇ ಊರಿನವನು. "ನನ್ನ ಊರಿಗೆ ಬಂದು ಪ್ರವಾಸಿಗಳ ಹಾಗೆ ಪೋಸ್ಟ್‌ಕಾರ್ಡ್ ತೆಗೆದುಕೊಂಡು ಹೋಗುತ್ತೀಯಾ, ನಡಿ" ಎಂದು ಎಳೆದುಕೊಂಡು ಹೋದ.

ಈ ಬಂದರು ಕುದುರೆ ಲಾಳದ ಆಕಾರದಲ್ಲಿ ಗುಡ್ಡದೊಳಗೆ ಹೊಕ್ಕಿದೆ. ಸುತ್ತ ಗುಡ್ಡದ ತುಂಬ ಮನೆಗಳು. ಒಂದು ಹಳದಿ, ಒಂದು ಗುಲಾಬಿ, ಒಂದು ಸಮುದ್ರದ್ದೇ ಬಣ್ಣ. ಮಾಡಿಗೆ ನಮ್ಮ ಮಂಗಳೂರಿನ ಹಾಗೆ ಕೆಂಪು ಹೆಂಚು. ರಸ್ತೆಗಳು ಎಷ್ಟು ಕಡಿದಾಗಿವೆ ಎಂದರೆ ಮುದುಕಿಯರು ನಾಲ್ಕು ಹೆಜ್ಜೆಗೊಮ್ಮೆ ನಿಂತು, ಎದುರು ಬಂದವರ ಕುಶಲ ಕೇಳಿಯೇ ಮುಂದೆ ಹತ್ತುತ್ತಾರೆ. ಗುಡ್ಡದ ಅಡಿಯಲ್ಲಿ ಒಂದು ಸುರಂಗ ಉಂಟು. ಅದರಲ್ಲೇ ಜನ, ಅದರಲ್ಲೇ ಕಾರು. ಗೋಡೆಗೆ ಬೆನ್ನು ಹಚ್ಚಿ ದಾಟಿದೆವು.

ಆಚೆ ಕಡೆ ಸಂತೆ. ಬಣ್ಣದ ಕೊಡೆಗಳ ಕೆಳಗೆ ಹೆಂಗಸರು ಜಾಯಿಕಾಯಿ, ಜಾಪತ್ರೆ, ಚಕ್ಕೆ ಗುಡ್ಡೆ ಹಾಕಿ ಕೂತಿದ್ದಾರೆ. ಊರಿಗೆ ಊರೇ ಮಸಾಲೆ ಡಬ್ಬಿ ತೆರೆದ ಹಾಗೆ ಘಮಘಮ. ಪಪ್ಪಾ, ಅಲ್ಲಿ ಜೀಗುಜ್ಜೆ ನೋಡಿದೆ. ಪುಟ್ಟ ಹಲಸಿನ ಹಾಗಿರುವ ನಮ್ಮದೇ ಜೀಗುಜ್ಜೆ. ನಾನು ಅದನ್ನು ಕೈಯಲ್ಲಿ ಹಿಡಿದು ನಿಂತೇಬಿಟ್ಟೆ. ಮಾರುವವಳು ನಕ್ಕು, ಇವನು ಇದನ್ನು ಮದುವೆಯಾಗುತ್ತಾನಾ ಎಂದು ಕ್ಲಿಫ್ಟನ್‌ನನ್ನು ಕೇಳಿದಳು.

ಅವನ ಮನೆ ಗುಡ್ಡದ ಮೇಲೆ. ಅವನ ಅಮ್ಮ ಜೀಗುಜ್ಜೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಮೇಲೆ ಕೆಸುವಿನಂಥ ಎಲೆ ಮುಚ್ಚಿ ಒಂದು ಅಡುಗೆ ಮಾಡಿದ್ದಳು. ಉಪ್ಪು ಹಾಕಿದ ಮಾಂಸ ಬೇರೆ. ತಿಂದು ಏಳಲು ಹೋದರೆ ಹೆಗಲು ಒತ್ತಿ ಕೂರಿಸಿ ಮತ್ತೆ ಬಡಿಸಿದಳು. ಮಮ್ಮಿ ಹೋದ ಮೇಲೆ ಹಾಗೆ ಯಾರೂ ನನ್ನನ್ನು ಕೂರಿಸಿ ಬಡಿಸಿರಲಿಲ್ಲ. ನಿನ್ನ ತಂದೆ ಎಲ್ಲಿ ಎಂದು ಕೇಳಿದಳು. ಮಸ್ಕತ್ ಎಂದೆ. ಅದು ಎಲ್ಲಿ ಎಂದಳು. ಸಮುದ್ರದ ದಡದಲ್ಲೇ ಎಂದೆ. "ಹಾಗಾದರೆ ಒಂದು ದಿನ ಹಡಗು ಅಲ್ಲಿಗೂ ಹೋಗುತ್ತದೆ" ಎಂದಳು.

ಸಂಜೆ ಹಡಗು ಬಿಡುವಾಗ ಅವಳು ಮನೆಯ ಮೆಟ್ಟಿಲ ಮೇಲೆ ಸೀರೆಯಷ್ಟು ದೊಡ್ಡ ಬಟ್ಟೆ ಬೀಸುತ್ತಿದ್ದಳು. ಕ್ಲಿಫ್ಟನ್ ಎರಡೂ ಕೈ ಎತ್ತಿ ಬೀಸಿದ. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ನನಗೆ ನಿಮ್ಮನ್ನು ನೋಡಬೇಕು ಅನ್ನಿಸಿತು ಪಪ್ಪಾ. ಅಂದು ಹಾಗೆ ಬರೆಯಬಾರದಿತ್ತು.

ನಿಮ್ಮ ಮಗ,
ಬಾಸಿಲ್

✦

ಅಲ್ ಖುವೈರ್
೨೨ ಜನವರಿ ೧೯೯೩

ಪ್ರೀತಿಯ ಬಾಸಿಲ್,

ನಿನ್ನ ಕಾಗದವನ್ನು ಬ್ಯಾರಿಯಿಂದ ಮೂರು ಸಲ ಓದಿಸಿಕೊಂಡೆ. ಮೂರನೆಯ ಸಲ ಅವರು ಜೀಗುಜ್ಜೆ ಬಂದಲ್ಲಿ ನಿಲ್ಲಿಸಿ, ಉಳ್ಳಾಲದಲ್ಲಿ ಅವರ ಹೆಂಡತಿ ಖದೀಜಮ್ಮ ಮಾಡುವ ಪಲ್ಯದ ವಿಷಯ ತೆಗೆದು, ಕೊನೆಗೆ ಇಬ್ಬರೂ ಇಲ್ಲಿನ ಕುಬೂಸ್ ರೊಟ್ಟಿ ತಿಂದು ಮಲಗಿದೆವು.

ಡಾಕ್ಟರರ ಹತ್ತಿರ ಹೋಗಿದ್ದೆ. ಕಣ್ಣಿನೊಳಗೆ ಒತ್ತಡವಂತೆ. ಸುತ್ತಲಿನದು ಹೋಗಿದೆ, ನಡುವೆ ಮಾತ್ರ ಉಳಿದಿದೆ, ಕೊಳವೆಯಲ್ಲಿ ಇಣುಕಿದ ಹಾಗೆ. ಅದೂ ಮಸುಕು. ಹೋದದ್ದು ಬರುವುದಿಲ್ಲ, ಇರುವುದೂ ಹೆಚ್ಚು ದಿನ ಇಲ್ಲ ಎಂದರು. ಮಲಯಾಳಿ ಡಾಕ್ಟರ್, ಒಳ್ಳೆಯವರು. "ನೋಡಬೇಕಾದವರನ್ನೆಲ್ಲ ನೋಡಿಕೊಳ್ಳಿ" ಎಂದರು. ನನಗೆ ಪಟ್ಟಿ ದೊಡ್ಡದಿಲ್ಲ. ಕ್ಲೆಮೆಂಟಿನಾಳನ್ನು ಹೋದ ರಜೆಯಲ್ಲಿ ಕಣ್ತುಂಬ ನೋಡಿದ್ದೇನೆ. ನೀನೊಬ್ಬ ಬಾಕಿ.

ಆಫೀಸಿನಲ್ಲಿ ಇನ್ನೂ ಹೇಳಿಲ್ಲ. ಯಾವ ಕಪಾಟಿನಲ್ಲಿ ಯಾವ ಸಾಮಾನು ಎಂದು ಕೈಗೆ ಗೊತ್ತಿರುವುದರಿಂದ ನಡೆಯುತ್ತಿದೆ.

ನಿನ್ನ ಪಪ್ಪಾ,
ವಾಲ್ಟರ್

✦

ಹಡಗಿನಿಂದ, ಪಿರೇಯಸ್ ಬಂದರು
೧೯ ಮಾರ್ಚ್ ೧೯೯೩

ಪ್ರೀತಿಯ ಪಪ್ಪಾ,

ಕ್ಲಿಫ್ಟನ್‌ನ ಅಮ್ಮ ಹೇಳಿದ್ದೇ ಆಯಿತು. ಈ ವರ್ಷ ನಮ್ಮ ಹಡಗು ಲೋಕ ಸುತ್ತಲು ಹೊರಟಿದೆ. ಏಪ್ರಿಲ್ ೨೧, ಬುಧವಾರ ಬೆಳಿಗ್ಗೆ ನಿಮ್ಮ ಮಸ್ಕತ್ತಿನ ಮತ್ರಾ ಬಂದರಿಗೆ ಬರುತ್ತದೆ, ಸಂಜೆ ಐದಕ್ಕೆ ಬಿಡುತ್ತದೆ. ನಾನು ಎರಡು ದಿನದಿಂದ ನಿದ್ದೆ ಮಾಡಿಲ್ಲ.

ಆದರೆ ಕೆಲಸದವರಿಗೆ ಇಳಿಯಲು ಪಾಸ್ ಸಿಗುವುದಿಲ್ಲವಂತೆ, ಪ್ರಯಾಣಿಕರಿಗೆ ಮಾತ್ರ. ನಿಮ್ಮನ್ನೂ ಗೇಟಿನೊಳಗೆ ಬಿಡುವುದಿಲ್ಲ. ಅದಕ್ಕೆ ಹೀಗೆ ಮಾಡುವ. ನೀವು ಕಡಲ ಬದಿಯ ಕಾರ್ನಿಶ್ ರಸ್ತೆಯಲ್ಲಿ ಕಂಬಿಯ ಹತ್ತಿರ ನಿಲ್ಲಿ. ಹನ್ನೊಂದು ಗಂಟೆಗೆ ನಾನು ಮೇಲಿನ ಡೆಕ್ಕಿನಲ್ಲಿ, ಬಿಳಿ ಬಟ್ಟೆಯಲ್ಲಿ, ನಿಮ್ಮ ಕಡೆಗೆ ನಿಂತು ಕೈ ಬೀಸುತ್ತೇನೆ. ಇಸುಬಾಕನನ್ನು ಜೊತೆಗೆ ಕರೆದುಕೊಂಡು ಬನ್ನಿ.

ನಿಮ್ಮ
ಬಾಸಿಲ್

✦

ಅಲ್ ಖುವೈರ್
೨೨ ಏಪ್ರಿಲ್ ೧೯೯೩

ಪ್ರೀತಿಯ ಬಾಸಿಲ್,

ನಿನ್ನನ್ನು ನೋಡಿದೆ. ದೇವರಿಗೆ ಸ್ತೋತ್ರ.

ಹನ್ನೊಂದು ಎಂದು ನೀನು ಬರೆದಿದ್ದೆ, ಆದರೆ ನನಗೆ ರೂಮಿನಲ್ಲಿ ಕೂರಲು ಆಗಲಿಲ್ಲ. ಬ್ಯಾರಿಗೂ ಕಾಯದೆ ಏಳು ಗಂಟೆಯ ಟ್ಯಾಕ್ಸಿ ಹಿಡಿದೆ. ಹಡಗು ಅಷ್ಟು ದೊಡ್ಡದಿರುತ್ತದೆ ಎಂದು ಎಣಿಸಿರಲಿಲ್ಲ. ಗುಡ್ಡದ ಮೇಲಿನ ಕೋಟೆ ಅದರ ಮುಂದೆ ಸಣ್ಣದಾಗಿ ಕಂಡಿತು. ಕಾರ್ನಿಶ್‌ನ ಆ ತುದಿಯವರೆಗೆ ನಡೆದು ಹೋದೆ, ಅಲ್ಲಿಂದ ಡೆಕ್ಕು ಚೆನ್ನಾಗಿ ಕಾಣುತ್ತದೆ ಎಂದು ಒಬ್ಬ ಮೀನುಗಾರ ಹೇಳಿದ. ಕರವಸ್ತ್ರ ತೆಗೆದು ಬೀಸಿದೆ. ಮೊದಲು ನೀನು ನೋಡಲಿಲ್ಲ. ಆಮೇಲೆ ನೋಡಿದೆ. ಎರಡೂ ಕೈ ಎತ್ತಿ ಬೀಸಿದೆಯಲ್ಲ, ಪಕ್ಕದಲ್ಲಿದ್ದ ಮೀನುಗಾರನಿಗೆ "ಹಾದಾ ವಲದಿ" ಎಂದೆ, ಇವನು ನನ್ನ ಮಗ. ನೀನು ದಪ್ಪಗಾಗಿದ್ದೀ. ಹೆಗಲು ಅಗಲವಾಗಿದೆ. ನಿನ್ನ ಅಜ್ಜನಿಗೆ ಹಾಗೆ ಇತ್ತು. ಮಧ್ಯಾಹ್ನದವರೆಗೂ ನಾನು ಬೀಸಿದಾಗಲೆಲ್ಲ ನೀನೂ ಬೀಸಿದೆ, ಬೇಸರ ಮಾಡಲಿಲ್ಲ.

ಮತ್ತೆ ಬ್ಯಾರಿ ಬಂದರು, ಅವರಿಗೂ ತೋರಿಸಿದೆ. ಅವರು ನಮಾಜಿಗೆ ಹೋದಾಗ ನಾನು ಸೂಕ್ ಪೇಟೆಯ ಬಾಗಿಲಲ್ಲಿ ಕೂತಿದ್ದೆ. ನಿಮ್ಮ ಹಡಗಿನ ಇಬ್ಬರು ಹುಡುಗರು ಲೋಬಾನ ಕೊಳ್ಳುತ್ತಿದ್ದರು, ಒಬ್ಬ ಬಸ್ರೂರಿನ ಕಡೆಯವ. ಮಾತಾಡಿದೆ. ಒಳ್ಳೆಯ ಹುಡುಗರು. ನಿನಗೆ ಕೆಲಸ ಇದ್ದಿರಬೇಕು. ಕೆಲಸ ಮುಖ್ಯ.

ಬಿಸಿಲಿಗೆ ತಲೆ ನೋಯುತ್ತಿತ್ತು, ಸಂಜೆವರೆಗೆ ನಿಲ್ಲಲಿಲ್ಲ. ಸಾಕು, ನೋಡಿ ಆಯಿತಲ್ಲ.

ನಿನ್ನ ಪಪ್ಪಾ,
ವಾಲ್ಟರ್

ಬ್ಯಾರಿ ಇವತ್ತು ತನ್ನದೇನೂ ಬರೆಯುವುದಿಲ್ಲವಂತೆ.

✦

ಹಡಗಿನಿಂದ, ಸಿಂಗಾಪುರ
೨ ಮೇ ೧೯೯೩

ಇಸುಬಾಕನಿಗೆ ಬಾಸಿಲ್ ಮಾಡುವ ಸಲಾಂ.

ಈ ಕಾಗದ ನಿಮ್ಮ ಅಂಗಡಿಯ ವಿಳಾಸಕ್ಕೆ ಹಾಕಿದ್ದೇನೆ. ಮೊದಲು ನೀವು ಓದಿ, ಆಮೇಲೆ ಪಪ್ಪಾನಿಗೆ ಓದಿ ಹೇಳಿ.

ಅಂದು ನಾನು ಗೇಟಿನೊಳಗೆ ಓಡಿದ ಮೇಲೆ ನೀವು ಪಪ್ಪಾನನ್ನು ಹುಡುಕಿದಿರಾ? ಸಿಕ್ಕಿದರಾ? ಏನು ಹೇಳಿದಿರಿ? ನನ್ನ ಕಣ್ಣ ಮುಂದೆ ಆ ದಿನವೇ ತಿರುಗುತ್ತಿದೆ. ಬೆಳಿಗ್ಗೆ ಏಜೆಂಟ್ ಬಂದು, ಕೇಳಿದವರಿಗೆ ಪಾಸ್ ಕೊಡುತ್ತೇನೆ, ಊಟದ ಡ್ಯೂಟಿಯವರು ಮಾತ್ರ ಮಧ್ಯಾಹ್ನ ಹನ್ನೆರಡಕ್ಕೆ ಒಳಗಿರಬೇಕು ಎಂದಾಗ ನಾನು ಬಟ್ಟೆ ಸಹ ಬದಲಿಸದೆ ಇಳಿದೆ. ಕಾರ್ನಿಶ್ ನೋಡಲಿಲ್ಲ. ಹನ್ನೊಂದು ಎಂದು ನಾನೇ ಬರೆದಿದ್ದೆನಲ್ಲ, ಪಪ್ಪಾ ಇನ್ನೂ ರೂಮಿನಲ್ಲೇ ಇರುತ್ತಾರೆ, ಬಾಗಿಲು ತಟ್ಟಿ ಗಾಬರಿ ಮಾಡುವ ಎಂದು ಸೀದಾ ಅಲ್ ಖುವೈರ್‌ಗೆ ಟ್ಯಾಕ್ಸಿ ಹಿಡಿದೆ. ಬಾಗಿಲಿಗೆ ಬೀಗ. ಆ ಬೀಗ ಹಿಡಿದು ನಿಂತಾಗ ನೀವು ಕೆಳಗಿನಿಂದ "ಯಾರದು" ಎಂದಿರಿ.

ನೀವು ಕೂರಿಸಿ ಪತ್ತಿರಿ ರೊಟ್ಟಿ ಬಡಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ನನಗೂ ಹಸಿವಾಗಿತ್ತು. ಹೈವೇಯಲ್ಲಿ ಆ ಲಾರಿ ಮಗುಚಿ ಬಿದ್ದು ದಾರಿ ಕಟ್ಟುತ್ತದೆ ಎಂದು ನಿಮಗಾಗಲಿ ನನಗಾಗಲಿ ಗೊತ್ತಿರಲಿಲ್ಲ.

ಒಳಗೆ ಹೋದ ಕೂಡಲೇ ಊಟದ ಡ್ಯೂಟಿಗೆ ಹಾಕಿದರು. ಸಂಜೆ ಹಡಗು ಬಿಡುವಾಗ ಡೆಕ್ಕಿಗೆ ಓಡಿದೆ. ಕಾರ್ನಿಶ್‌ನಲ್ಲಿ ಯಾರೂ ಇರಲಿಲ್ಲ. ಕ್ಲಿಫ್ಟನ್ ತನ್ನ ಬಿಳಿ ಕೆಲಸದ ಬಟ್ಟೆಯಲ್ಲಿ ಬಣ್ಣದ ಡಬ್ಬಿಗಳನ್ನು ಒಟ್ಟು ಮಾಡುತ್ತಿದ್ದ. "ಒಬ್ಬ ಮುದುಕ ಬೆಳಗಿನಿಂದ ನನಗೆ ಕರವಸ್ತ್ರ ಬೀಸಿದ, ನಾನೂ ಬೀಸಿದೆ. ಯಾರೋ ಪಾಪ, ಬಹಳ ಖುಷಿಯಲ್ಲಿದ್ದ" ಎಂದ. ನನ್ನ ಪಪ್ಪಾ ಎಂದೆ. ಅವನು ಬಣ್ಣದ ಕೈಯಲ್ಲೇ ಮುಖ ಮುಚ್ಚಿಕೊಂಡು ಕೂತ.

ಇಸುಬಾಕ, ಪಪ್ಪಾನ ಕಣ್ಣು ಕೊನೆಗೆ ನೋಡಿದ್ದು ನನ್ನನ್ನಲ್ಲ. ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸುಳ್ಳಿನಲ್ಲಿ ಇಡುವುದು ನನ್ನಿಂದ ಆಗುವುದಿಲ್ಲ.

ನಿಮ್ಮ
ಬಾಸಿಲ್

✦

ಅಲ್ ಖುವೈರ್
೨೮ ಮೇ ೧೯೯೩

ಬಾಸಿಲ್‌ಗೆ ಇಸುಬು ಬರೆಯುವುದು.

ನಿನ್ನ ಕಾಗದ ಓದಿದೆ. ನಿನ್ನ ಪಪ್ಪಾನಿಗೆ, ನಮ್ಮ ಪೊರ್ಬುಗಳಿಗೆ, ಓದಿ ಹೇಳಲಿಲ್ಲ. ಹೇಳುವುದೂ ಇಲ್ಲ. ಬೈಯುವುದಾದರೆ ಬೈ.

ನಿನ್ನನ್ನು ಗೇಟಿನಲ್ಲಿ ಬಿಟ್ಟು ನಾನು ಕಾರ್ನಿಶ್ ಉದ್ದಕ್ಕೂ ಹುಡುಕಿದೆ. ರಿಯಾಮ್ ಕಡೆಯ ತುದಿಯಲ್ಲಿ ಸಿಕ್ಕಿದರು. ಅಂಗಿಯೆಲ್ಲ ಬೆವರು, ಮುಖದಲ್ಲಿ ಒಂದು ನಗು. ಹನ್ನೊಂದು ವರ್ಷದಿಂದ ಅವರನ್ನು ಬಲ್ಲೆ, ಅಂಥ ನಗು ನಾನು ಕಂಡದ್ದಿಲ್ಲ. "ಬ್ಯಾರಿ, ಎಲ್ಲಿಗೆ ಹೋಗಿದ್ದೀರಿ ಮಾರಾಯ್ರೆ, ನನ್ನ ಮಗನನ್ನು ನೋಡಿ" ಎಂದು ಕೈ ತೋರಿಸಿದರು. ನೋಡಿದೆ. ನನ್ನ ಪತ್ತಿರಿ ತಿಂದು ಹೋದ ಕಡ್ಡಿಯಂಥ ಹುಡುಗ ಅಲ್ಲ ಅದು, ಯಾರೋ ಆಜಾನುಬಾಹು. "ಹೇಗಿದ್ದಾನೆ?" ಎಂದು ಕೇಳಿದರು. ನಾನು "ಲಾಯ್ಕ ಇದ್ದಾನೆ" ಎಂದೆ. ನೀನು ಇದ್ದಿದ್ದರೆ ನೀನೂ ಹಾಗೇ ಹೇಳುತ್ತಿದ್ದೆ.

ಐದು ಗಂಟೆಗೆ ನೀನು ಮೇಲೆ ಬರುತ್ತೀ ಎಂದು ಗೊತ್ತಿತ್ತು. ನಿಲ್ಲಿ ಎಂದರೆ ಯಾಕೆ ಎಂದು ಕೇಳುತ್ತಾರೆ. ತಲೆನೋವಿನಲ್ಲಿ ಅವರು ಕಣ್ಣು ತೆರೆಯಲಾರದೆ ಕೂತಿದ್ದರು. ಕರೆದುಕೊಂಡು ಬಂದೆ.

ನಿನಗೆ ಸಿಟ್ಟಿಲ್ಲ ಎಂದು ಬರೆದಿದ್ದೀ. ನನಗೆ ನನ್ನ ಮೇಲೆ ಉಂಟು. ಹನ್ನೊಂದಕ್ಕೆ ತಾನೇ, ಇನ್ನೂ ಹೊತ್ತು ಉಂಟು, ಮೊದಲ ಸಲ ಬಾಗಿಲಿಗೆ ಬಂದವ ಒಣಬಾಯಿಯಲ್ಲಿ ಹೋಗುವುದಾ ಎಂದು ನಿನ್ನ ಕೈ ಹಿಡಿದು ಕೂರಿಸಿದವನು ನಾನು. ನೀನು ಸಾಕು ಎಂದರೂ ಇನ್ನೆರಡು ಹಾಕಿದೆ. ಅಷ್ಟರಲ್ಲಿ ಹೊರಟಿದ್ದರೆ ಲಾರಿ ಬೀಳುವ ಮೊದಲು ಕುರುಮ್ ದಾಟಿರುತ್ತಿದ್ದೆವು. ನನ್ನ ಉಮ್ಮ ಕಲಿಸಿದ ಮರ್ಯಾದೆ ಅದು. ಈಗ ಹಿಟ್ಟು ಕಲಸಲು ಕೂತರೆ ಕೈ ಏಳುವುದಿಲ್ಲ.

ಈಗ ಅವರಿಗೆ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ. ಕಂಪನಿಯಲ್ಲಿ ತಿಳಿದುಹೋಯಿತು, ವೀಸಾ ಖಲಾಸ್. ಜುಲೈಯಲ್ಲಿ ಊರಿಗೆ. ಆ ಒಂದು ದಿನವನ್ನು ಇಟ್ಟುಕೊಂಡು ಅವರು ಉಳಿದ ಆಯುಷ್ಯ ಕಳೆಯಬೇಕು. ಅದನ್ನೂ ನಾವು ಕಿತ್ತುಕೊಳ್ಳುವುದಾ? ಹೌದು ಪಪ್ಪಾ, ನಾನೂ ನಿಮ್ಮನ್ನು ನೋಡಿದೆ ಎಂದು ಒಂದು ಸಾಲು ಬರೆ.

ಇಸುಬು

✦

ಅಲ್ ಖುವೈರ್
೯ ಜುಲೈ ೧೯೯೩

ಪ್ರೀತಿಯ ಬಾಸಿಲ್,

ನಿನ್ನ ಕಾಗದ ಬಂತು. ನೀನೂ ನನ್ನನ್ನು ನೋಡಿದೆ ಎಂದು ಬರೆದದ್ದು ಬ್ಯಾರಿ ಓದಿದರು. ಸಂತೋಷ.

ಬರುವ ವಾರ ಹೊರಡುತ್ತೇನೆ. ಹದಿನೇಳು ವರ್ಷದ ಸಾಮಾನು ಒಂದು ಪೆಟ್ಟಿಗೆಯಲ್ಲಿ ಹಿಡಿಯಿತು. ಇನ್ನು ನಿನ್ನ ಕಾಗದಗಳನ್ನು ಕ್ಲೆಮೆಂಟಿನಾ ಓದುತ್ತಾಳೆ, ಕೊಂಕಣಿಯಲ್ಲೇ ಬರೆಯಬಹುದು.

ರಜೆಗೆ ನಿನ್ನ ಅನುಕೂಲ ನೋಡಿಕೊಂಡು ಬಾ. ನನಗಾಗಿ ಎಂದು ಅವಸರ ಮಾಡಬೇಡ. ಬರಲೇಬೇಕು ಅಂತ ಇಲ್ಲ.

ನಿನ್ನ ಪಪ್ಪಾ,
ವಾಲ್ಟರ್

✦

ಶಿರ್ವ
೧೧ ಜನವರಿ ೧೯೯೪

ಇಸುಬು ಬ್ಯಾರಿಯವರಿಗೆ ಕ್ಲೆಮೆಂಟಿನಾ ಮಾಡುವ ನಮಸ್ಕಾರಗಳು.

ನಮ್ಮ ಪಪ್ಪಾ ಡಿಸೆಂಬರ್ ಹನ್ನೆರಡರಂದು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಜಗಲಿಯಲ್ಲಿ ಕೂತಿದ್ದವರು ಹಾಗೆಯೇ ಬಾಗಿದರು. ಸಂಕಟ ಪಡಲಿಲ್ಲ. ಕಾಗದ ತಡವಾಯಿತು, ಕ್ಷಮಿಸಿ. ನಿಮ್ಮ ಹೆಸರು ಈ ಮನೆಯಲ್ಲಿ ದಿನವೂ ಬರುತ್ತಿತ್ತು. ನನ್ನ ಅಡುಗೆಗೆ ಉಪ್ಪು ಕಡಿಮೆಯಾದರೆ ಬ್ಯಾರಿಯ ಕೈ ಹಾಗಿರಲಿಲ್ಲ ಎನ್ನುತ್ತಿದ್ದರು.

ಬಾಸಿಲ್‌ಗೆ ಇನ್ನೂ ತಿಳಿಸಿಲ್ಲ. ಕಾಂಟ್ರಾಕ್ಟ್ ಮುಗಿಯಲು ಮಾರ್ಚ್ ಆಗುತ್ತದೆ, ನಡುವೆ ಬರಲು ಬಿಡುವುದಿಲ್ಲ. ಸಮುದ್ರದ ನಡುವೆ ಒಬ್ಬನೇ ಅಳುವುದು ಯಾಕೆ ಎಂದು ಮನೆಯವರೆಲ್ಲ ಹೇಳಿದರು. ಪಪ್ಪಾ ಚೆನ್ನಾಗಿದ್ದಾರೆ ಎಂದೇ ಬರೆಯುತ್ತಿದ್ದೇನೆ.

ನಿಮ್ಮ ಹತ್ತಿರ ಒಂದು ವಿಷಯ ಕೇಳಬೇಕು. ಹೋಗುವ ಮೊದಲಿನ ಭಾನುವಾರ ಪಪ್ಪಾ ತಾವಾಗಿಯೇ ಮತ್ರಾದ ವಿಷಯ ತೆಗೆದರು. ಬಾಸಿಲ್ ಹಡಗಿನ ಮೇಲಿನಿಂದ ಕೈ ಬೀಸಿದ್ದನ್ನು ಊರಿಗೆಲ್ಲ ಹೇಳಿದವರು ಅಂದು ಬೇರೆ ಹೇಳಿದರು. ಸೂಕ್‌ನಲ್ಲಿ ಸಿಕ್ಕಿದ ಹಡಗಿನ ಹುಡುಗರ ಹತ್ತಿರ, ನಿಮಗೆ ಇಳಿಯಲು ಹೇಗೆ ಬಿಟ್ಟರು ಎಂದು ಕೇಳಿದರಂತೆ. ಕೇಳಿದವರಿಗೆಲ್ಲ ಬೆಳಿಗ್ಗೆ ಪಾಸ್ ಕೊಟ್ಟರು ಎಂದರಂತೆ ಅವರು. "ಅವ ಪಾಸ್ ಕೇಳ್ಲಿಲ್ಲ ಬಾಯ್. ಮೇಲೆಯೇ ನಿಂತಿದ್ದ. ನಗಾಡ್ತಾ ಕೈ ಬೀಸ್ತಾ ಇದ್ದ. ಆವಾಗ ವೀಸಾ ಮಾಡಿಸಿದಾಗ್ಲೂ ಹಾಗೇ, ನನ್ನ ಹತ್ರ ಬರ್ಲಿಕ್ಕೆ ಅವನಿಗೆ ಮನಸ್ಸಿಲ್ಲ" ಎಂದರು. ಕೊನೆಗೆ, "ಅವನನ್ನು ಕೇಳ್ಬೇಡ, ಬೇಜಾರು ಮಾಡಿಕೊಂಡಾನು" ಎಂದರು.

ನಾನು ಅವನನ್ನು ಕೇಳುವುದಿಲ್ಲ. ನೀವು ಅಂದು ಅಲ್ಲಿದ್ದವರು. ನಿಮಗೆ ಏನಾದರೂ ಗೊತ್ತಾ? ಅವನು ಯಾಕೆ ಇಳಿಯಲಿಲ್ಲ?

ನಿಮ್ಮ ತಂಗಿಯಂಥ,
ಕ್ಲೆಮೆಂಟಿನಾ

✦

ಅಲ್ ಖುವೈರ್
೩ ಫೆಬ್ರವರಿ ೧೯೯೪

ತಂಗಿ ಕ್ಲೆಮೆಂಟಿನಾ ಬಾಯಿಯವರಿಗೆ ಇಸುಬು ಮಾಡುವ ಸಲಾಂ.

ಕಾಗದ ಓದಿ ಅಂಗಡಿಯ ಶಟರ್ ಎಳೆದೆ. ಎರಡು ದಿನ ತೆರೆಯಲಿಲ್ಲ. ಇಲ್ಲಿಯವರೆಗೆ ಬೇರೆಯವರು ಹೇಳಿದ್ದನ್ನು ಬರೆದು ಕೊಡುವುದು ನನಗೆ ಸುಲಭ ಇತ್ತು. ಇದು ನನ್ನದೇ, ಬರೆಯಲು ಕಷ್ಟವಾಗುತ್ತಿದೆ.

ಅವನು ಇಳಿದಿದ್ದ. ಏಜೆಂಟ್ ಬಂದ ಕೂಡಲೇ ಎಲ್ಲರಿಗಿಂತ ಮೊದಲು ಪಾಸ್ ಕೇಳಿ, ಹಾಕಿದ ಬಟ್ಟೆಯಲ್ಲೇ ನಿಮ್ಮ ಪಪ್ಪಾನ ರೂಮಿನ ಬಾಗಿಲಿಗೆ ಬಂದಿದ್ದ. ಪೊರ್ಬುಗಳು ಅದಕ್ಕೂ ಮೊದಲೇ ಅವನನ್ನು ನೋಡಲು ಹೊರಟುಹೋಗಿದ್ದರು. ನಾನು ಅವನನ್ನು ಊಟಕ್ಕೆ ಕೂರಿಸಿದೆ. ದಾರಿಯಲ್ಲಿ ಲಾರಿ ಬಿತ್ತು. ಮತ್ರಾ ಮುಟ್ಟುವಾಗ ಅವನ ಹೊತ್ತು ಮುಗಿದಿತ್ತು. ಅಂದು ಕೈ ಬೀಸಿದ್ದು ಬೇರೆ ಯಾರೋ, ಕ್ಲಿಫ್ಟನ್ ಎಂಬವನು. ಅದನ್ನು ನಾನು ಕಣ್ಣಾರೆ ನೋಡಿಯೂ ಅವರಿಗೆ ಹೇಳಲಿಲ್ಲ. ಬಾಸಿಲ್ ಹೇಳಿ ಎಂದು ಬರೆದ. ಆಗಲೂ ಹೇಳಲಿಲ್ಲ. ಅವರ ಸಂತೋಷ ಕಾಯುತ್ತಿದ್ದೇನೆ ಎಂದು ಎಣಿಸಿದ್ದೆ.

ಸೂಕ್‌ನಲ್ಲಿ ಇಬ್ಬರು ಹುಡುಗರು ಸಿಕ್ಕಿದರು, ಒಳ್ಳೆಯ ಹುಡುಗರು, ಕೆಲಸ ಮುಖ್ಯ. ನಿಮ್ಮ ಪಪ್ಪಾ ಹೇಳಿದ ಹಾಗೆ ನಾನೇ ಈ ಕೈಯಿಂದ ಬರೆದೆ. ಬರಲೇಬೇಕು ಅಂತ ಇಲ್ಲ ಎಂಬುದನ್ನೂ ಬರೆದೆ. ಒಂದು ಸಲ ತಲೆ ಎತ್ತಿ ಯಾಕೆ ಪೊರ್ಬುಗಳೇ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೇನೋ. ಅವನು ನಿಮ್ಮ ಬೀಗ ಹಿಡಿದು ನಿಂತಿದ್ದ ಎಂದು ನಾನೂ ಹೇಳುತ್ತಿದ್ದೆನೇನೋ.

ಬಾಸಿಲ್‌ಗೆ ಇದನ್ನು ತಿಳಿಸಬೇಡಿ. ಪಪ್ಪಾ ಹಾಗೆ ಎಣಿಸಿಕೊಂಡೇ ಹೋದರು ಎಂದು ಅವನು ಕೇಳಬಾರದು.

ಇಲ್ಲ ತಂಗಿ, ತಿಳಿಸಿಬಿಡಿ. ಪಪ್ಪಾ ಹೋದದ್ದನ್ನೂ ತಿಳಿಸಿ, ಇದನ್ನೂ ತಿಳಿಸಿ, ಮಾರ್ಚ್‌ವರೆಗೆ ಇಡಬೇಡಿ. ಒಳ್ಳೆಯದಕ್ಕೆ ಎಂದು ನಾವು ಹೇಳದೆ ಇಟ್ಟದ್ದು ಸಾಕು.

ಇಸುಬು